ನಕ್ಷತ್ರಯಾಚನೆ

ಬೆಂಗಳೂರಿನಂಥ ನಗರದಲ್ಲಿ ಈಗ ಯಾವ ವ್ಯಾಪಾರವೂ ಹಣ ಕೊಟ್ಟು ಸಾಮಾನು ಪಡೆದ ಮಾತ್ರಕ್ಕೆ ಮುಗಿಯುವುದಿಲ್ಲ. ಕೊಳ್ಳತಕ್ಕವನು ಕೊಂಡು, ಮಾರತಕ್ಕವನು ಮಾರಿ, ಬಿಲ್ಲು ಕೈಗೆ ಬಂದು, ಚೀಲ ಹೆಗಲಿಗೇರಿ, ಇನ್ನೇನು ಬಾಗಿಲ ಕಡೆಗೆ ಹೆಜ್ಜೆಯಿಡಬೇಕೆನ್ನುವ ಹೊತ್ತಿಗೆ, ಅದುವರೆಗೆ ಉತ್ಸಾಹದಿಂದ ಮಾತನಾಡುತ್ತಿದ್ದ ಅಂಗಡಿಯ ಹುಡುಗನೋ ಹುಡುಗಿಯೋ ಧ್ವನಿಯನ್ನು ಕಿಂಚಿತ್ ತಗ್ಗಿಸಿ, "ಸಾರ್, ಒಂದು ರಿವ್ಯೂ ಹಾಕಿಬಿಡಿ, ಐದು ಸ್ಟಾರ್ ಕೊಡಿ" ಎನ್ನುವುದುಂಟು. ಔಷಧದ ಅಂಗಡಿ, ಹಲ್ಲಿನ ಡಾಕ್ಟರ ಕೊಠಡಿ, ಚಿನ್ನದ ಮಳಿಗೆ, ಮೋಟಾರು ಸರ್ವೀಸಿನ ಗ್ಯಾರೇಜು, ಎಲ್ಲಿಯೂ ಇದೇ ಪ್ರಾರ್ಥನೆ. ಫೋನಿನ ಭೂಪಟದಲ್ಲಿ ದೇವಸ್ಥಾನಗಳಿಗೂ ನಾಲ್ಕೂವರೆ ನಕ್ಷತ್ರ ಬಿದ್ದಿರುವುದನ್ನು ನಾನು ನೋಡಿದ್ದೇನೆ. ಆದರೆ ಅರ್ಚಕರು ಮಂಗಳಾರತಿಯ ತಟ್ಟೆಯೊಡನೆ ಅದನ್ನೂ ಕೇಳುವ ಕಾಲ ಇನ್ನೂ ಬಂದಿಲ್ಲವೆಂಬುದು ಸಮಾಧಾನದ ಸಂಗತಿ.

ಈಚೆಗೆ ಕನ್ನಡಕದ ಗಾಜನ್ನು ಬದಲಾಯಿಸಲು ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ನನ್ನನ್ನು ವಿಚಾರಿಸಿಕೊಂಡ ಹುಡುಗಿ ತನ್ನ ಕೆಲಸವನ್ನು ಚೆನ್ನಾಗಿ ಬಲ್ಲವಳು. ಹಳೆಯ ಫ್ರೇಮಿನ ಒಂದು ಕಡ್ಡಿ ಸಡಿಲವಾಗಿದ್ದುದನ್ನು ನಾನು ಹೇಳುವ ಮುನ್ನವೇ ಗಮನಿಸಿ, ಡ್ರಾಯರಿನಿಂದ ಬೆರಳುದ್ದದ ಸ್ಕ್ರೂಡ್ರೈವರನ್ನು ತೆಗೆದು ಬಿಗಿಮಾಡಿ, ಬಟ್ಟೆಯಿಂದ ಒರೆಸಿ, ಅದಕ್ಕೆ ದುಡ್ಡು ಬೇಡವೆಂದಳು. ಹಣ ಸಂದಾಯವಾದ ಮೇಲೆ ಮೇಜಿನ ಮೇಲಿದ್ದ ಕ್ಯೂಆರ್ ಕೋಡಿನ ಫಲಕವನ್ನು ನನ್ನ ಕಡೆಗೆ ತಿರುಗಿಸಿದಳು.

"ಅಂಕಲ್, ಒಂದು ರಿವ್ಯೂ ಹಾಕ್ತೀರಾ? ಇವತ್ತು ನಂದು ಇನ್ನೂ ಎರಡೇ ಆಗಿರೋದು."

"ಮನೆಗೆ ಹೋಗಿ ನಿಧಾನವಾಗಿ ಹಾಕ್ತೀನಮ್ಮ."

"ಮನೆಗೆ ಹೋದ್ಮೇಲೆ ಯಾರೂ ಹಾಕಲ್ಲ ಅಂಕಲ್. ಇಲ್ಲೇ ಹಾಕಿಬಿಡಿ. ನನ್ನ ಹೆಸರೂ ಬರೀಬೇಕು, ಇಲ್ಲಾಂದ್ರೆ ನನ್ನ ಲೆಕ್ಕಕ್ಕೆ ಬರಲ್ಲ."

ನನ್ನ ಬೆರಳುಗಳ ನಿಧಾನವನ್ನು ಕಂಡು ಅವಳೇ ಫೋನನ್ನು ತೆಗೆದುಕೊಂಡಳು. ಐದು ನಕ್ಷತ್ರಗಳು ಒಂದೇ ಸ್ಪರ್ಶಕ್ಕೆ ಹಳದಿಯಾದವು. ಅನಂತರ ಅಭ್ಯಾಸಬಲದಿಂದ ಆಕೆ ಇಂಗ್ಲಿಷಿನಲ್ಲಿ ಎರಡು ವಾಕ್ಯಗಳನ್ನು ಬರೆದಳು. ನಾನು ಆ ಅಂಗಡಿಯ ಸೇವೆಯಿಂದ ಅತ್ಯಂತ ಸಂತುಷ್ಟನಾಗಿರುವೆನೆಂಬುದೂ ಬಂಧುಮಿತ್ರರೆಲ್ಲರಿಗೂ ಅದನ್ನು ಶಿಫಾರಸು ಮಾಡತಕ್ಕವನೆಂಬುದೂ ಆ ವಾಕ್ಯಗಳಿಂದಲೇ ನನಗೆ ತಿಳಿದುಬಂದಿತು. ಅದರ ಚಿತ್ರವನ್ನು ತನ್ನ ಫೋನಿನಲ್ಲಿ ಹಿಡಿದು, ಅಂಗಡಿಯ ವಾಟ್ಸಾಪ್ ಗುಂಪಿಗೆ ಕಳುಹಿಸಿ, ಗಾಜಿನ ಕೋಣೆಯಲ್ಲಿ ಕುಳಿತಿದ್ದ ಮ್ಯಾನೇಜರನ ಕಡೆಗೆ ಒಮ್ಮೆ ನೋಡಿದಳು. ನಾನು ಮನಸಾರೆ ಮೆಚ್ಚಿದ್ದುದು ಆ ಸ್ಕ್ರೂ ಬಿಗಿಮಾಡಿದ ಉಪಕಾರವನ್ನು. ಆಕೆ ಬರೆದ ಪ್ರಶಂಸೆಯಲ್ಲಿ ಅದೊಂದೇ ಇರಲಿಲ್ಲ.

ಇದಕ್ಕೆ ಆ ಹುಡುಗಿಯನ್ನು ದೂರುವುದು ಅನ್ಯಾಯ. ಆ ಗಾಜಿನ ಕೋಣೆಯವನೂ ಸ್ವತಂತ್ರನಲ್ಲ. ಅವನ ಮೇಲೆ ಒಬ್ಬ ಏರಿಯಾ ಮ್ಯಾನೇಜರು, ಆತನ ಮೇಲೆ ಪ್ರಾಂತದ ಮುಖ್ಯಸ್ಥ, ಅದಕ್ಕೂ ಮೇಲೆ ಯಾವುದೋ ಗೋಪುರಭವನದಲ್ಲಿ ಕುಳಿತು ಎಲ್ಲ ಶಾಖೆಗಳ ನಕ್ಷತ್ರಗಳನ್ನು ಒಂದೇ ಪಟ್ಟಿಯಲ್ಲಿ ನೋಡುವ ಮಹಾಶಯ. ಹೀಗೆ ಮೇಲಿನಿಂದ ಹೊರಟ ಒತ್ತಡ ಮೆಟ್ಟಲು ಮೆಟ್ಟಲಾಗಿ ಇಳಿದು, ಇನ್ನು ಕೆಳಗೆ ತಳ್ಳಲು ಯಾರೂ ಇಲ್ಲದ ಕಡೆ ಬಂದು ನಿಲ್ಲುತ್ತದೆ. ಅಲ್ಲಿ ನಿಂತಿರುವವರಿಗೆ ಸಂಬಳ ಎಲ್ಲರಿಗಿಂತ ಕಡಿಮೆ, ಕಾಲುನೋವು ಎಲ್ಲರಿಗಿಂತ ಹೆಚ್ಚು. ಸಾಮಾನಿನ ಬೆಲೆಯನ್ನು ಇಳಿಸುವ ಅಧಿಕಾರ ಅವರಿಗಿಲ್ಲ. ಕೆಟ್ಟ ಮಾಲನ್ನು ಹಿಂದಕ್ಕೆ ಪಡೆಯುವ ಅಧಿಕಾರವಿಲ್ಲ. ಬಿಲ್ಲಿನ ಕೌಂಟರಿಗೆ ಇನ್ನೊಬ್ಬನನ್ನು ಹಾಕಿಸುವ ಅಧಿಕಾರವೂ ಇಲ್ಲ. ಇವೆಲ್ಲದರಿಂದ ಗ್ರಾಹಕನಿಗಾದ ಬೇಸರಕ್ಕೆ ಮಾತ್ರ ಅವರೇ ಉತ್ತರವಾದಿಗಳು.

ವ್ಯಾಪಾರಿಗಳ ಪಕ್ಷದಲ್ಲಿಯೂ ಹೇಳಬೇಕಾದ ಮಾತುಂಟು. ನಕ್ಷತ್ರವೆಂಬುದು ಕೇವಲ ಅಲಂಕಾರವಲ್ಲ, ದುಡ್ಡು. ಆಗ ಹಾರ್ವರ್ಡಿನಲ್ಲಿದ್ದ ಮೈಕಲ್ ಲೂಕ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳ ಆದಾಯವನ್ನೂ ಯೆಲ್ಪ್ ಎಂಬ ತಾಣದಲ್ಲಿ ಅವಕ್ಕೆ ಬಿದ್ದ ನಕ್ಷತ್ರಗಳನ್ನೂ ಎದುರುಬದುರಾಗಿಟ್ಟು ಪರಿಶೀಲಿಸಿ, ಒಂದು ನಕ್ಷತ್ರ ಹೆಚ್ಚಿದರೆ ವರಮಾನ ಶೇಕಡಾ 5ರಿಂದ 9ರವರೆಗೆ ಹೆಚ್ಚುತ್ತದೆಂದು 2011ರಲ್ಲಿ ತೋರಿಸಿಕೊಟ್ಟ. ಈ ಲಾಭವೆಲ್ಲ ಸ್ವತಂತ್ರವಾದ ಹೋಟೆಲುಗಳದು. ಊರೂರಿಗೂ ಶಾಖೆಯಿರುವ ದೊಡ್ಡ ಸಂಸ್ಥೆಗಳಿಗೆ ಅದರಿಂದ ಅಂಥ ವ್ಯತ್ಯಾಸವೇನೂ ಆಗಲಿಲ್ಲವೆಂದೂ ಆತನೇ ಕಂಡುಕೊಂಡ. ಹೊಸದಾಗಿ ದರ್ಶಿನಿ ತೆರೆದು, ಸಾಲದ ಕಂತನ್ನು ಎಣಿಸುತ್ತ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ತಾನೇ ಬಾಯಿಬಿಟ್ಟು, "ಇಷ್ಟವಾಗಿದ್ದರೆ ನಾಲ್ಕು ಮಾತು ಬರೆಯಿರಿ ಸ್ವಾಮಿ" ಎಂದರೆ ಅದರಲ್ಲಿ ತಪ್ಪೇನನ್ನೂ ನಾನು ಕಾಣೆ. ಆದರೆ ಅಷ್ಟೇನೂ ಅಗತ್ಯವಿಲ್ಲದ ದೊಡ್ಡ ಸಂಸ್ಥೆಗಳೇ ತಮ್ಮ ನೌಕರರಿಗೆ ದಿನಕ್ಕಿಷ್ಟು ಎಂದು ಗುರಿ ಕಟ್ಟಿ ಅವರನ್ನು ಯಾಚನೆಗೆ ನಿಲ್ಲಿಸುತ್ತಿರುವುದು ವಿಚಿತ್ರ.

ಅಂಕಗಳ ಈ ಹುಚ್ಚಿಗೆ ಒಂದು ಇತಿಹಾಸವೂ ಇದೆ. ಫ್ರೆಡ್ ರೈಕ್‌ಹೆಲ್ಡ್ ಎಂಬ ಅಮೆರಿಕನ್ ಸಲಹೆಗಾರ 2003ರ ಡಿಸೆಂಬರಿನಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಗ್ರಾಹಕನನ್ನು ನೂರು ಪ್ರಶ್ನೆ ಕೇಳಿ ಬಳಲಿಸಬೇಕಾಗಿಲ್ಲ, "ನಮ್ಮನ್ನು ನಿಮ್ಮ ಸ್ನೇಹಿತರಿಗೆ ಶಿಫಾರಸು ಮಾಡುವಿರಾ" ಎಂಬುದೊಂದನ್ನು ಕೇಳಿ ಸೊನ್ನೆಯಿಂದ ಹತ್ತರೊಳಗೆ ಅಂಕ ಪಡೆದರೆ ಸಾಕೆಂದು ಉಪದೇಶಿಸಿದ. ಆತನ ಲೆಕ್ಕದಲ್ಲಿ 9 ಅಥವಾ 10 ಕೊಟ್ಟವನು ಹಿತೈಷಿ. 7 ಅಥವಾ 8 ಕೊಟ್ಟವನು ಎಣಿಕೆಗೇ ಸಿಕ್ಕದವನು. 6 ಮತ್ತು ಅದಕ್ಕಿಂತ ಕಡಿಮೆ ಕೊಟ್ಟವನು ನಿಂದಕ. ನಮ್ಮ ಕಾಲದ ಶಾಲೆಯಲ್ಲಿ ನೂರಕ್ಕೆ ಅರುವತ್ತು ಬಂದರೆ ಪ್ರಥಮ ದರ್ಜೆ, ಮನೆಯಲ್ಲಿ ಪಾಯಸ. ಈ ಹೊಸ ಗಣಿತದಲ್ಲಿ ಹತ್ತಕ್ಕೆ ಆರು ಕೊಟ್ಟವನು ಶತ್ರುಪಕ್ಷದವನು. ಮೋಟಾರು ಸರ್ವೀಸಿಗೆ ಬಿಟ್ಟವರಿಗೆ ಇದರ ಅನುಭವ ಚೆನ್ನಾಗಿರುತ್ತದೆ. ಗಾಡಿಯ ಕೀಲಿಕೈ ಕೊಡುವಾಗಲೇ ಅಲ್ಲಿನ ಅಡ್ವೈಸರು, "ನಾಳೆ ಕಂಪನಿಯಿಂದ ಫೋನ್ ಬರುತ್ತೆ ಸಾರ್, ಹತ್ತಕ್ಕೆ ಹತ್ತು ಅನ್ನಿ. ಎಂಟು ಅಂದ್ರೆ ನಮಗೆ ಸೊನ್ನೆ ಇದ್ದ ಹಾಗೇ. ಏನಾದ್ರೂ ತೊಂದರೆ ಇದ್ರೆ ನನಗೇ ಹೇಳಿ, ಅವರಿಗೆ ಹೇಳಬೇಡಿ" ಎನ್ನುತ್ತಾನೆ. ಮರುದಿನ ಫೋನು ಬರುತ್ತದೆ. ಬ್ರೇಕು ಹಿಂದಿನಂತೆಯೇ ಕಿರುಗುಟ್ಟುತ್ತಿದ್ದರೂ ಆ ಹುಡುಗನ ಮುಖ ಕಣ್ಣ ಮುಂದೆ ಬಂದು ನಾವು ಹತ್ತು ಎನ್ನುತ್ತೇವೆ. ಕಂಪನಿಯವರು ತಮ್ಮ ಸರ್ವೀಸು ನಿರ್ದೋಷವೆಂದು ನಂಬುತ್ತಾರೆ. ಬ್ರೇಕು ಕಿರುಗುಟ್ಟುತ್ತಲೇ ಇರುತ್ತದೆ.

ಯಾವ ಅಳತೆಯನ್ನು ಗುರಿಯನ್ನಾಗಿ ಮಾಡಿದರೂ ಅದು ಅಳತೆಯಾಗಿ ಉಳಿಯುವುದಿಲ್ಲವೆಂಬ ತತ್ತ್ವ ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಆತ ಅದನ್ನು 1975ರಲ್ಲಿ ಹೇಳಿದ್ದು ಹಣಕಾಸಿನ ನೀತಿಯ ಸಂದರ್ಭದಲ್ಲಿ. ರೈಕ್‌ಹೆಲ್ಡನೂ 2021ರಲ್ಲಿ ಅದೇ ಪತ್ರಿಕೆಯಲ್ಲಿ ಮತ್ತೆ ಲೇಖನಿ ಹಿಡಿದು, ತನ್ನ ಅಂಕವನ್ನು ನೌಕರರ ಬೋನಸ್ಸಿಗೆ ಗಂಟುಹಾಕಿ ಕೆಡಿಸಿದರೆಂದು ಆಕ್ಷೇಪಿಸಿದ. ಗಂಟು ಮಾತ್ರ ಬಿಚ್ಚಲಿಲ್ಲ.

ಈ ಯಾಚನೆಯ ಪರಾಕಾಷ್ಠೆಯನ್ನು ನೋಡಬೇಕಾದರೆ ಮನೆಗೆ ರಿಪೇರಿಯವನನ್ನು ಕರೆಸಬೇಕು. ನೀರಿನ ಫಿಲ್ಟರು ಸರಿಮಾಡಲು ಬಂದವನು ಕೆಲಸ ಮುಗಿದೊಡನೆ "ಹ್ಯಾಪಿ ಕೋಡ್ ಹೇಳಿ ಸಾರ್" ಎನ್ನುತ್ತಾನೆ. ಕಂಪನಿಯು ನಮ್ಮ ಫೋನಿಗೆ ಕಳುಹಿಸಿದ ಕೆಲವು ಅಂಕಿಗಳ ಗುಟ್ಟು ಅದು; ನಮಗೆ ತೃಪ್ತಿಯಾದರೆ ಮಾತ್ರ ಅದನ್ನು ಹೇಳತಕ್ಕದ್ದೆಂಬುದು ನಿಯಮ. ಆದರೆ ಆ ಸಂಖ್ಯೆ ಸಿಕ್ಕದ ಹೊರತು ಅವನ ಲೆಕ್ಕದಲ್ಲಿ ಈ ಕೆಲಸ ಮುಗಿಯದು. ಆದುದರಿಂದ ಫಿಲ್ಟರಿನ ಕೆಳಗೆ ಇಟ್ಟ ಪಾತ್ರೆಗೆ ನೀರು ತೊಟತೊಟನೆ ಬೀಳುತ್ತಿರುವಾಗಲೇ, "ಒಂದು ಗಂಟೆ ಬಿಟ್ಟರೆ ತಾನೇ ನಿಂತುಹೋಗುತ್ತೆ ಸಾರ್, ಕೋಡ್ ಹೇಳಿ" ಎಂಬ ಪ್ರಾರ್ಥನೆ. ಹೆಗಲಿಗೆ ಚೀಲ ಏರಿಸಿ, ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು, ಬಿಸಿಲಿನಲ್ಲಿ ಕಪ್ಪಾದ ಮುಖದಿಂದ ಬಾಗಿಲಲ್ಲಿ ನಿಂತಿರುವ ಮನುಷ್ಯನಿಗೆ, ನಾನು ಇನ್ನೂ ಆನಂದತುಂದಿಲನಾಗಿಲ್ಲವೆಂದು ಹೇಳುವ ಎದೆಗಾರಿಕೆ ಯಾರಿಗಿದೆ?

ಹೊಗಳಿಕೆ ನಮಗೆ ಹೊಸದಲ್ಲ, ಕೊಂಡುಕೊಂಡ ಹೊಗಳಿಕೆಯೂ ಹೊಸದಲ್ಲ. ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಕೆತ್ತಿಸಿದ ಪ್ರಶಸ್ತಿಯಲ್ಲಿ ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ಆಕಾಶಕ್ಕೇರಿಸಿದುದಲ್ಲದೆ, ಕೊನೆಯಲ್ಲಿ ತನ್ನನ್ನೂ ಕಾಳಿದಾಸ ಭಾರವಿಗಳ ಸಾಲಿಗೆ ಸೇರಿಸಿಕೊಂಡಿದ್ದಾನೆ. ಆತ್ಮವಿಮರ್ಶೆಯಲ್ಲಿ ತನಗೆ ತಾನೇ ಐದು ನಕ್ಷತ್ರ ಕೊಟ್ಟುಕೊಂಡ ಮೊದಲಿಗರಲ್ಲಿ ಆತನೊಬ್ಬನಿರಬೇಕು. ಆದರೆ ಆ ಶಾಸನವನ್ನು ಓದುವ ಯಾವೊಬ್ಬನೂ ಮೋಸಹೋಗುವುದಿಲ್ಲ. ಹೊಗಳಿದವನು ರಾಜಾಶ್ರಯದ ಕವಿ, ಹೊಗಳಿಸಿಕೊಂಡವನು ದೊರೆ. ಎರಡೂ ಹೆಸರುಗಳು ಕಲ್ಲಿನ ಮೇಲೆಯೇ ಇವೆ. ಮದುವೆಮನೆಯಲ್ಲಿ ಕೈತೊಳೆದು ಬರುವವನನ್ನು ಹೆಣ್ಣಿನ ತಂದೆ "ಊಟ ಹೇಗಿತ್ತು?" ಎಂದು ಕೇಳಿದರೆ, ಸಾರಿಗೆ ಉಪ್ಪು ಹೆಚ್ಚಾಗಿದ್ದರೂ "ಬಹಳ ಚೆನ್ನಾಗಿತ್ತು" ಎನ್ನುವುದು ನಮ್ಮ ಮರ್ಯಾದೆ; ಆ ಮಾತನ್ನು ಯಾರೂ ಬರೆದಿಡುವುದಿಲ್ಲ, ಅದನ್ನು ನೋಡಿ ಅಡಿಗೆಯವರ ಸಂಭಾವನೆಯನ್ನು ಮುರಿದುಕೊಳ್ಳುವುದೂ ಇಲ್ಲ. ಈಗ ಆ ಸೌಜನ್ಯದ ಸುಳ್ಳನ್ನೇ ಸಂಗ್ರಹಿಸಿ, ಕೂಡಿಸಿ, ಭಾಗಿಸಿ, ದಶಾಂಶದವರೆಗೆ ಲೆಕ್ಕಹಾಕಿ, ಸತ್ಯವೆಂಬಂತೆ ಪ್ರಕಟಿಸುತ್ತಾರೆ.

ರೈಲ್ವೆ ನಿಲ್ದಾಣಗಳಲ್ಲಿ ದೂರಿನ ಪುಸ್ತಕವೆಂಬುದೊಂದಿತ್ತು. ಅದನ್ನು ಕೇಳಿ ಪಡೆಯುವುದೇ ಒಂದು ಸಾಹಸ. ಸ್ಟೇಷನ್ ಮಾಸ್ಟರರು ಮೊದಲು ಸಮಾಧಾನ ಹೇಳಿ, ಆಮೇಲೆ ಕನ್ನಡಕದ ಮೇಲಿನಿಂದ ನೋಡಿ, ಕೊನೆಗೆ ಒಲ್ಲದ ಮನಸ್ಸಿನಿಂದ ಬೀರುವನ್ನು ತೆರೆಯುತ್ತಿದ್ದರು. ಅಷ್ಟು ಕಷ್ಟಪಟ್ಟು ಬರೆದುದರಿಂದಲೇ ಅದರೊಳಗಿನ ಮಾತಿಗೆ ತೂಕವಿತ್ತು. ಮೆಚ್ಚುಗೆಗಾದರೋ ಪುಸ್ತಕವೇ ಬೇಕಿಲ್ಲ. ಗಾಂಧಿಬಜಾರಿನ ವಿದ್ಯಾರ್ಥಿಭವನ 1943ರಿಂದ ದೋಸೆ ಹುಯ್ಯುತ್ತಿದೆ. ಅದರ ಯೋಗ್ಯತೆಯನ್ನು ಭಾನುವಾರ ಬೆಳಗ್ಗೆ ಬಾಗಿಲ ಹೊರಗೆ ಕಾಯುತ್ತ ನಿಂತ ಜನರನ್ನು ನೋಡಿಯೇ ತಿಳಿಯಬಹುದು.

ಸರ್ಕಾರಗಳು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ನಮ್ಮ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನಕವನ್ನು ಹೊರಡಿಸಿ, ಗ್ರಾಹಕರ ವಿಮರ್ಶೆಯನ್ನು ಹೇಗೆ ಸಂಗ್ರಹಿಸಬೇಕು, ಬರೆದವನು ನಿಜವಾದ ವ್ಯಕ್ತಿಯೆಂದು ಹೇಗೆ ಖಚಿತಪಡಿಸಿಕೊಳ್ಳಬೇಕು ಎಂಬುದನ್ನು ಹೇಳಿತು. ಪಾಲಿಸುವುದು ಬಿಡುವುದು ವ್ಯಾಪಾರಿಯ ಇಚ್ಛೆ. ಅಮೆರಿಕದಲ್ಲಿ 2024ರ ಅಕ್ಟೋಬರಿನಿಂದ, ಬ್ರಿಟನ್ನಿನಲ್ಲಿ 2025ರ ಏಪ್ರಿಲಿನಿಂದ ನಕಲಿ ವಿಮರ್ಶೆ ನಿಷಿದ್ಧ. ಇವೆಲ್ಲವೂ ಅಟ್ಟಿಸಿಕೊಂಡು ಹೋಗಿರುವುದು ಮುಖ್ಯವಾಗಿ ಸುಳ್ಳುಗ್ರಾಹಕನನ್ನು, ಕೊಂಡ ವಿಮರ್ಶೆಯನ್ನು. ನನ್ನ ಕನ್ನಡಕದ ಪ್ರಸಂಗದಲ್ಲಾದರೋ ಗ್ರಾಹಕ ನಿಜ, ಫೋನು ನಿಜ, ಖರೀದಿ ನಿಜ, ಬಿಲ್ಲು ನಿಜ; ಯಾವ ತನಿಖಾಧಿಕಾರಿ ಬಂದರೂ ಒಂದು ತಪ್ಪನ್ನೂ ಹಿಡಿಯಲಾರ. ಅಭಿಪ್ರಾಯವೊಂದೇ ನನ್ನದಲ್ಲ. ಬಿಡಿಬಿಡಿಯಾಗಿ ಎಲ್ಲವೂ ಸತ್ಯವಾಗಿದ್ದು ಒಟ್ಟಿನಲ್ಲಿ ಅಸತ್ಯವಾದ ಇಂಥ ವಸ್ತುವಿಗೆ ಕಾನೂನಿನಲ್ಲಿ ಇನ್ನೂ ಸ್ಥಳ ದೊರೆತಿಲ್ಲ.

ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಮಾಡಿದ ಕಾಯಿದೆ ಒಂದು ಹೆಜ್ಜೆ ಮುಂದಿಟ್ಟಿದೆಯೆನ್ನಬೇಕು. ಊಟ ತಂದುಕೊಡುವವನನ್ನೋ ಕಾರು ಓಡಿಸುವವನನ್ನೋ ಕೆಲಸದಿಂದ ತೆಗೆಯಬೇಕಾದರೆ ಬರವಣಿಗೆಯಲ್ಲಿ ಕಾರಣ ಕೊಟ್ಟು 14 ದಿನ ಮೊದಲೇ ತಿಳಿಸಬೇಕೆಂದು ಅದು ವಿಧಿಸುತ್ತದೆ. ಯಾರೋ ಮಳೆಯ ಸಂಜೆಯ ಸಿಟ್ಟಿನಲ್ಲಿ ಕೊಟ್ಟ ಒಂದು ನಕ್ಷತ್ರದಿಂದ ರಾತ್ರೋರಾತ್ರಿ ಅನ್ನ ಹೋಗಬಾರದೆಂಬ ವಿವೇಕ ಅದರಲ್ಲಿದೆ. ಆದರೆ ಕನ್ನಡಕದಂಗಡಿಯ ಹುಡುಗಿ ಆ ಕಾಯಿದೆಯೊಳಗೆ ಬರುವುದಿಲ್ಲ. ಅವಳಿಗೆ ಅನ್ವಯಿಸುವುದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ. ದುಡಿಮೆಯ ವೇಳೆ, ವಾರದ ರಜೆ, ಓವರ್‌ಟೈಮು ಮೊದಲಾದುವನ್ನು ಅದು ಬಲ್ಲುದು, ನಕ್ಷತ್ರಗಳನ್ನು ಅರಿಯದು.

ಹಾಗಾದರೆ ನಕ್ಷತ್ರ ಕೇಳುತ್ತ ಬಾಗಿಲಲ್ಲಿ ನಿಂತವನಿಗೆ ಏನು ಹೇಳಬೇಕು? ಸತ್ಯವ್ರತವನ್ನು ಹಿಡಿದು ಮೂರು ನಕ್ಷತ್ರ ಕೊಟ್ಟರೆ ಏಟು ಬೀಳುವುದು ಕಂಪನಿಗಲ್ಲ, ಅವನಿಗೆ. ನಾನು ಮಾಡುವುದಿಷ್ಟು: ಅವನು ಕೇಳಿದ ನಕ್ಷತ್ರಗಳನ್ನು ತಕರಾರಿಲ್ಲದೆ ಕೊಟ್ಟುಬಿಡುತ್ತೇನೆ, ಒತ್ತಾಯದಿಂದ ಪಡೆದ ಸುಳ್ಳಿನ ಪಾಪ ಒತ್ತಾಯ ಮಾಡಿಸಿದವರಿಗೆ ಸೇರಲಿ, ಆದರೆ ಬರೆಯುವ ವಾಕ್ಯವನ್ನು ಮಾತ್ರ ನಾನೇ ಬರೆಯುತ್ತೇನೆ, ಕನ್ನಡದಲ್ಲಿ, ಅವನು ನಿಜವಾಗಿ ಮಾಡಿದ ಒಂದು ಕೆಲಸವನ್ನು ಹೆಸರಿಸಿ. ಯಂತ್ರದ ದೋಷ, ಬೆಲೆಯ ಅನ್ಯಾಯ, ಕಾಯಿಸಿದ ಉದ್ಧಟತನ, ಇವು ಆತನ ಹೆಸರಿನ ಕೆಳಗೆ ಹೋಗಬೇಕಾದುವಲ್ಲ. ಅವನ್ನು ಕಂಪನಿಯ ಕಚೇರಿಗೆ, ನೌಕರನ ಹೆಸರೆತ್ತದೆ, ಪ್ರತ್ಯೇಕವಾಗಿ ಬರೆಯುತ್ತೇನೆ. ನಕ್ಷತ್ರ ಸಿಕ್ಕುವವರೆಗೆ ಗ್ರಾಹಕನನ್ನು ಬಿಡಬೇಡವೆಂದು ನೌಕರರಿಗೆ ಕಲಿಸುವುದು ಅಸಭ್ಯವೆಂಬ ಮಾತನ್ನೂ ಅದರಲ್ಲಿ ಸೇರಿಸುತ್ತೇನೆ. ಓದುಗರೂ ಹೀಗೆ ಮಾಡಬೇಕೆಂದು ನನ್ನ ವಿನಂತಿ. ಕಂಪನಿಯಿಂದ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲಿಯೂ ದೂರು ಹೇಳಬಹುದು.