ಗೊಟ್ಟ ಕೆಳಗಿಡಪ್ಪ

ಲಾಯದಿಂದ ಬರುತ್ತಿರುವುದು ಗೊರಸಿನ ಸದ್ದು. ಒಂದೇ ಕಾಲು, ಒಂದೇ ಜಾಗದಲ್ಲಿ ಕೆರೆಯುತ್ತಿದೆ. ಕಂಬಳಿ ಸರಿಸಿ ಗಡಿಯಾರ ನೋಡುತ್ತೇನೆ, ಒಂದೂವರೆ. ಮೈಸೂರಿನ ಜನವರಿ ಚಳಿಗೆ ನಜರ್‌ಬಾದಿನ ನಮ್ಮ ಓಣಿಯಲ್ಲಿ ನಾಯಿಯೂ ಬೊಗಳುತ್ತಿಲ್ಲ.

ಟಾರ್ಚು ಬಿಟ್ಟರೂ ಚಂದ್ರಿ ತಲೆ ಎತ್ತುವುದಿಲ್ಲ. ಸಾರೋಟಿಗೆ ಕಟ್ಟಲು ಶುರುಮಾಡಿ ಎಂಟು ತಿಂಗಳಾಯಿತು, ಒಂದು ಹೊತ್ತೂ ಹುರುಳಿ ಬಿಟ್ಟವಳಲ್ಲ. ಇವತ್ತು ಬಕೆಟ್ಟಿನಲ್ಲಿ ಹಾಕಿದ್ದು ಹಾಕಿದಂತೆಯೇ ಇದೆ. ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ದಿಟ್ಟಿಸುತ್ತಾಳೆ. ಮೇಲ್ದುಟಿ ಸುರುಳಿ ಸುತ್ತುತ್ತದೆ. ಮಲಗಲು ಮಂಡಿ ಮಡಚುತ್ತಾಳೆ, ಮತ್ತೆ ಬೇಡವೆಂದು ಎದ್ದು ನಿಲ್ಲುತ್ತಾಳೆ. ಹಿಂಗಾಲ ಬಳಿ ಬೆಳಕು ಆಡಿಸುತ್ತೇನೆ. ಲದ್ದಿ ಇಲ್ಲ. ಸಂಜೆ ಗುಡಿಸಿದ ನೆಲ ಹಾಗೇ ಇದೆ.

ಹೊಟ್ಟೆಶೂಲೆ. ಇವಳಿಗೆ ಮೊದಲನೆಯದು, ನನ್ನ ಕೈಯಲ್ಲೂ ಮೊದಲನೆಯದು.

ತಿರುಗಿ ನೋಡಿದರೆ ಬಾಗಿಲಲ್ಲಿ ಅಪ್ಪ. ಒಂದು ಕೈಯಲ್ಲಿ ಓಮ, ಇಂಗು ಕದಡಿದ ಚೊಂಬು. ಇನ್ನೊಂದರಲ್ಲಿ ಬಿದಿರಿನ ಗೊಟ್ಟ.

"ತಲೆ ಎತ್ತಿ ಹಿಡಿ, ಹುಯ್ದುಬಿಡ್ತೀನಿ."

"ಗೊಟ್ಟ ಕೆಳಗಿಡಪ್ಪ. ಮೊದಲು ಡಾಕ್ಟ್ರನ್ನ ಕೇಳೋಣ."

ಮೂರನೇ ಸಲಕ್ಕೆ ಡಾಕ್ಟರು ಫೋನು ಎತ್ತುತ್ತಾರೆ. ಕುಶಲ ಗಿಶಲ ಇಲ್ಲ. "ನಾಡಿ ಎಷ್ಟು?" ದವಡೆಯ ಕೆಳಗೆ ಬೆರಳಿಟ್ಟು ಎಣಿಸುತ್ತೇನೆ. 15 ಸೆಕೆಂಡಿಗೆ 13, ಅಂದರೆ ನಿಮಿಷಕ್ಕೆ 52. ಸುಮ್ಮನೆ ನಿಂತ ಕುದುರೆಗೆ 28ರಿಂದ 44 ಇರಬೇಕು. "ವಸಡು?" ಗುಲಾಬಿ ಬಣ್ಣ. ಹೆಬ್ಬೆರಳಿನಿಂದ ಒತ್ತಿದರೆ ಬಿಳಿಚಿ, ಎರಡು ಸೆಕೆಂಡಿನೊಳಗೆ ಮತ್ತೆ ರಂಗೇರುತ್ತದೆ. "ಹೊಟ್ಟೆಗೆ ಕಿವಿ ಇಡಿ." ಬಲಗಡೆ ದೂರದ ಗುಡುಗಿನಂಥ ಸದ್ದು ಇದೆ. ಎಡಗಡೆ ಏನೂ ಇಲ್ಲ.

"ಸದ್ಯಕ್ಕೆ ಭಯ ಇಲ್ಲ. ಹುರುಳಿ, ಹುಲ್ಲು ಎರಡೂ ತೆಗೀರಿ, ನೀರಿರಲಿ. ಬಾಯಿಗೆ ಏನೂ ಹುಯ್ಯಬೇಡಿ. ಬರ್ತಿದೀನಿ."

"ದನಕ್ಕೆ ಆಗೋದು ಇದಕ್ಕೆ ಯಾಕಾಗಲ್ಲ?" ಅಪ್ಪನ ಗೊಣಗು ನಿಲ್ಲುವುದಿಲ್ಲ. ತಲೆ ಎತ್ತಿಸಿ ಹುಯ್ದ ಕಷಾಯ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ, ಶೂಲೆ ಬಿಟ್ಟ ಕುದುರೆಯನ್ನು ಅದು ಬಿಡುವುದಿಲ್ಲ. ಸಾಲದ್ದಕ್ಕೆ ಕುದುರೆ ವಾಂತಿ ಮಾಡಲಾರದು. ಜಠರದ ಬಾಯಿ ಅಷ್ಟು ಬಿಗಿ. ಒಳಗೆ ಹೋದದ್ದು ಹಿಂದಿನಿಂದಲೇ ಬರಬೇಕು, ಆ ದಾರಿಯಲ್ಲಿ ದೊಡ್ಡ ಕರುಳು ಒಂದು ಕಡೆ ತನ್ನ ಮೇಲೆ ತಾನೇ ಮಡಚಿಕೊಂಡು ಕಿರಿದಾಗುತ್ತದೆ. ಒಣಹುಲ್ಲು ಕಟ್ಟಿಕೊಳ್ಳುವುದು ಆ ತಿರುವಿನಲ್ಲೇ.

ಒಣಹುಲ್ಲು ಅಂದಾಗ ನೆನಪಾಗುತ್ತದೆ, ಮೊನ್ನೆ ಇಳಿಸಿದ್ದು ಹೊಸ ಲೋಡು. ಬಾನಿಯತ್ತ ಟಾರ್ಚು ತಿರುಗಿಸುತ್ತೇನೆ. ಬೆಳಿಗ್ಗೆ ತುಂಬಿಸಿದ ನೀರು ಒಂದು ಗೇಣೂ ಇಳಿದಿಲ್ಲ, ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಸಂಜೆಯೇ ನೋಡಬೇಕಿತ್ತು. ಯಾರನ್ನು ಬೈಯಲಿ?

ಹಗ್ಗ ಹಿಡಿದು ಓಣಿಗೆ ಕರೆತರುತ್ತೇನೆ. ಹತ್ತು ನಿಮಿಷ ನಡಿಗೆ, ಆಮೇಲೆ ವಿಶ್ರಾಂತಿ. ಶೂಲೆ ಬಂದ ಕುದುರೆಯನ್ನು ಬೆಳಗಾಗುವವರೆಗೆ ನಡೆಸಬೇಕೆಂದು ನಮ್ಮವರ ನಂಬಿಕೆ. ದಣಿಸಿದರೆ ನೋವು ತಡೆಯುವ ಕಸುವೂ ಹೋಗುತ್ತದೆ, ಅಷ್ಟೇ. ನೆಲಕ್ಕೆ ಬಿದ್ದು ಹೊರಳಾಡದಂತೆ ಕಾದರೆ ಸಾಕು. ಸುಮ್ಮನೆ ಕಾಯುವುದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಅಪ್ಪ ಗೊಟ್ಟ ಬಿಡದಿರುವುದು ಅದಕ್ಕೇ ಇರಬೇಕು.

ಡಾಕ್ಟರ ಬೈಕು ಬಂದಾಗ ಮೂರು ಗಂಟೆ. ಕತ್ತಿನ ರಕ್ತನಾಳಕ್ಕೆ ನೋವಿನ ಇಂಜೆಕ್ಷನ್. ಆಮೇಲೆ ತೋಳಿನುದ್ದದ ಗ್ಲೌಸು ತೊಟ್ಟು ಹಿಂದಿನಿಂದ ಕೈ ಹಾಕುತ್ತಾರೆ. "ಕರುಳು ತಿರುಚಿಲ್ಲ. ಸ್ವಲ್ಪ ಗಟ್ಟಿ ಕಟ್ಟಿದೆ." ಮೂಗಿನ ಹೊಳ್ಳೆಯಿಂದ ನಳಿಗೆ ಇಳಿಸಿ, ಜಠರದಲ್ಲಿ ನಿಂತ ನೀರು ಹೊರಬರುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರು ಬಿಡುತ್ತಾರೆ. ತಲೆ ಹಿಡಿದ ಅಪ್ಪನ ಕಂಕುಳಲ್ಲಿ ಗೊಟ್ಟ ಇನ್ನೂ ಇದೆ. "ಯಜಮಾನ್ರೇ, ನಾನೂ ಹುಯ್ಯೋದೇ. ದಾರಿ ಮಾತ್ರ ಬೇರೆ" ಎನ್ನುತ್ತಾರೆ ಡಾಕ್ಟರು.

ನಾಲ್ಕೂವರೆಗೆ ನಾಡಿ 44. ಐದೂವರೆಗೆ 40. ಗೊರಸು ಕೆರೆಯುವುದು ನಿಂತಿದೆ. ಮಸುಕು ಬೆಳಕಿಗೆ ಚಾಮುಂಡಿ ಬೆಟ್ಟ ಕಾಣುವ ಹೊತ್ತಿಗೆ ಚಂದ್ರಿ ಬಾಲ ಎತ್ತುತ್ತಾಳೆ. ಮೊದಲು ಬರೀ ಗಾಳಿ. ಆಮೇಲೆ ಲೋಳೆ ಸುತ್ತಿದ ಮೂರು ಒಣ ಉಂಡೆ. ಅಪ್ಪ ಒಂದನ್ನು ಕೈಯಲ್ಲೇ ಎತ್ತಿ, ಮುರಿದು, ಮೂಸಿ, ತಲೆಯಾಡಿಸುತ್ತಾನೆ.

ನಾನು ಬಾನಿಯ ತಣ್ಣೀರು ಚೆಲ್ಲಿ ಬೆಚ್ಚಗಿನದು ತುಂಬುತ್ತೇನೆ. ಅಪ್ಪ ಕೈ ತೊಳೆದು, ಜಗಲಿಯಲ್ಲಿ ಕೂತು, ಚೊಂಬಿನಲ್ಲಿ ಉಳಿದ ಓಮದ ನೀರನ್ನು ತಾನೇ ಕುಡಿಯುತ್ತಾನೆ.