ಇಡ್ಲಿ ಹಬೆಯ ಲೆಕ್ಕ

ಮುಲುಂಡ್‌ಗೆ ಚಳಿ ಬಂತೆಂದು ಮೊದಲು ಹೇಳುವುದು ನಮ್ಮ ಮನೆಯ ತೆಂಗಿನೆಣ್ಣೆ ಬಾಟಲಿ. ಗುಡ್ಡದ ಬುಡದ ಊರಲ್ಲವೇ, ಕೊಲಾಬಾದವರಿಗಿಂತ ನಮಗೆ ರಾತ್ರಿ ತುಸು ಹೆಚ್ಚೇ ತಣ್ಣಗೆ. 24 ಡಿಗ್ರಿಯ ಆಸುಪಾಸಿಗೆ ಇಳಿದರೆ ಎಣ್ಣೆ ಬೆಳ್ಳಗೆ ಗಟ್ಟಿಯಾಗುತ್ತದೆ. ಬಿಸಿಲಿಗಿಟ್ಟರೆ ಮತ್ತೆ ಅದೇ ಎಣ್ಣೆ, ಅದೇ ಪರಿಮಳ. ಈ ‘ಅದೇ’ ಎಂಬುದನ್ನು ಹನ್ನೊಂದನೇ ತರಗತಿಯ ಮೊಮ್ಮಗಳಿಗೆ ಒಪ್ಪಿಸಲು ನನಗೆ ಒಂದು ಇಡೀ ಭಾನುವಾರ ಹಿಡಿಯಿತು. ನೀರು ಕುದಿದಾಗ ಹೈಡ್ರೋಜನ್, ಆಕ್ಸಿಜನ್ ಬೇರೆಬೇರೆಯಾಗಿ ಹಾರಿಹೋಗುತ್ತವೆ ಎಂದೇ ಅವಳು ತಿಳಿದಿದ್ದಳು.

“ಹಾಗಿದ್ದರೆ ಗ್ಯಾಸ್ ಒಲೆಯ ಮೇಲೆ ನೀರು ಕಾಯಿಸಿದ ಮನೆಗಳೆಲ್ಲ ಸಿಡಿದುಹೋಗಬೇಕಿತ್ತಲ್ಲ ಮಗಾ” ಎಂದೆ. ಕುದಿಯುವ ಪಾತ್ರೆಯ ಮುಚ್ಚಳ ಎತ್ತಿ ತೋರಿಸಿದೆ. ಒಳಗಡೆ ಸಾಲು ಹನಿ, ನೀರೇ.

ಗೊಂದಲವೆಲ್ಲ ‘ಬಂಧ’ ಎಂಬ ಶಬ್ದದ್ದು. ಅಣುವಿನ ಒಳಗೆ ಪರಮಾಣುಗಳನ್ನು ಹಿಡಿದದ್ದೂ ಬಂಧ, ಒಂದು ನೀರಿನ ಅಣು ಪಕ್ಕದ ಅಣುವನ್ನು ಸೆಳೆಯುವುದೂ ಹೈಡ್ರೋಜನ್ ಬಂಧ. ಎರಡನೆಯದರ ಬಲ ಮೊದಲನೆಯದರ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು. ಕುದಿಯುವಾಗ ಬಿಡುವುದು ಅದು ಮಾತ್ರ.

ಅವಳ ಕ್ಲಾಸಿನಲ್ಲಿ ಲೋಕಲ್ ಟ್ರೇನಿನ ಉದಾಹರಣೆ ಕೊಟ್ಟರಂತೆ: ಡಬ್ಬಿಯೊಳಗೆ ಘನ, ಪ್ಲಾಟ್‌ಫಾರ್ಮಿನಲ್ಲಿ ದ್ರವ, ಹೊರಗೆ ಅನಿಲ. ನನಗೆ ಅದು ಅರ್ಧ ಮಾತ್ರ ಹಿಡಿಸಿತು. ಡಬ್ಬಿಯಲ್ಲಿ ಯಾರಿಗೆ ಯಾರ ಮೇಲೆ ಸೆಳೆತ? ದಾದರ್‌ನಲ್ಲಿ ಇಳಿಯುವ ಜಾಗ ಸಿಕ್ಕರೆ ಸಾಕು. ಸೆಳೆತವಿಲ್ಲದಿದ್ದರೆ ಮಂಜುಗಡ್ಡೆಯೂ ಇಲ್ಲ, ನೀರೂ ಇಲ್ಲ. ನೀರಿನ ಅಣುಭಾರ 18, ಹೈಡ್ರೋಜನ್ ಸಲ್ಫೈಡ್‌ನದು 34. ಭಾರವಾದದ್ದು ತಡವಾಗಿ ಕುದಿಯಬೇಕಲ್ಲವೇ? ಆದರೆ ಅದು ಮೈನಸ್ 60 ಡಿಗ್ರಿಯಲ್ಲೇ ಅನಿಲ. ನೀರು 100ರ ತನಕ ಕಾಯಿಸುತ್ತದೆ, ತಮ್ಮತಮ್ಮಲ್ಲಿ ಅಷ್ಟು ಗಟ್ಟಿ ಹಿಡಿತ.

ಅಣುಗಳ ನಡುವಿನ ಈ ಸೆಳೆತಕ್ಕೆ ವಾನ್ ಡರ್ ವಾಲ್ಸ್ ಹೆಸರಿದೆ. ಬಡಗಿಯ ಮಗ, ಪ್ರಾಥಮಿಕ ಶಾಲೆಯ ಮೇಷ್ಟ್ರು. ಲ್ಯಾಟಿನ್, ಗ್ರೀಕ್ ಕಲಿತಿರಲಿಲ್ಲವೆಂದು ವಿಶ್ವವಿದ್ಯಾಲಯದ ಪರೀಕ್ಷೆಗೆ ಬಹುಕಾಲ ಕೂರಗೊಡಲಿಲ್ಲ. 1873ರಲ್ಲಿ ಪ್ರಬಂಧ ಬರೆದರು, 1910ರಲ್ಲಿ ನೊಬೆಲ್ ಬಂತು. ಹಗಲು ಹೋಟೆಲು, ರಾತ್ರಿ ಫೋರ್ಟ್‌ನ ಕನ್ನಡ ರಾತ್ರಿ ಶಾಲೆ ಎಂದು ಓದಿದ ನನ್ನಂಥವರಿಗೆ ಈ ಮನುಷ್ಯ ದೂರದವರೆನಿಸುವುದಿಲ್ಲ.

ಹದಿನಾಲ್ಕು ತುಂಬಿದ್ದಾಗ ಆ ಹೋಟೆಲಿನ ಇಡ್ಲಿ ಅಟ್ಟದ ಮುಚ್ಚಳ ತೆಗೆಯುವಾಗ ಹಬೆ ಮಣಿಕಟ್ಟಿಗೆ ಬಡಿಯಿತು. ಹಿಂದೆಯೂ ಬಿಸಿನೀರು ಬಿದ್ದದ್ದುಂಟು. ಇದು ಬೇರೆಯೇ ಉರಿ. ತಣ್ಣೀರಲ್ಲಿ ಕೈ ಅದ್ದಿ ಮತ್ತೆ ಕೆಲಸಕ್ಕೆ ನಿಂತೆ. ಆ ರಾತ್ರಿ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ‘ಗುಪ್ತೋಷ್ಣ’ ಎಂದು ಬರೆದು, ನನ್ನ ಕೈ ನೋಡಿಯೇ ಪಾಠ ಶುರು ಮಾಡಿದರು. ಒಂದು ಗ್ರಾಂ ಮಂಜು ಕರಗಲು 80 ಕ್ಯಾಲೊರಿ. ಹಿಡಿತ ಸಡಿಲವಾಗಲು ಅಷ್ಟೇ ಸಾಕು. ಒಂದು ಗ್ರಾಂ ನೀರು ಆವಿಯಾಗಲು 540. ಅಲ್ಲಿ ಕೈ ಪೂರ್ತಿ ಬಿಡಿಸಬೇಕು. ಆವಿ ಚರ್ಮದ ಮೇಲೆ ಮತ್ತೆ ನೀರಾದಾಗ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಆ 540 ಅಷ್ಟನ್ನೂ ಅಲ್ಲೇ ಸುರಿಯುತ್ತವೆ.

ಮೊಮ್ಮಗಳು ನನ್ನ ಮಣಿಕಟ್ಟಿನ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಪೆನ್ ತೆಗೆದು ಲೆಕ್ಕ ಹಾಕಿದಳು. 100ರಿಂದ 40ಕ್ಕೆ ಇಳಿಯುವಾಗ ಒಂದು ಗ್ರಾಂ ಕುದಿನೀರು ಕೊಡುವುದು 60 ಕ್ಯಾಲೊರಿ, ಒಂದು ಗ್ರಾಂ ಹಬೆ ಕೊಡುವುದು 600.

“ಹತ್ತು ಪಾಲು ಅಜ್ಜ” ಎಂದಳು. “ಮತ್ತೆ ಕೆಲಸಕ್ಕೆ ಯಾಕೆ ನಿಲ್ಲಿಸಿದರು?”