ಕಾಣದ ಮೂರನೆಯ ತಾರೆ

ಒಂದನ್ನೊಂದು ಸುತ್ತುತ್ತ, ಭೂಮಿಯಿಂದ ನೋಡುವವರಿಗೆ ಸರದಿಯಂತೆ ಒಂದು ಇನ್ನೊಂದನ್ನು ಮರೆಮಾಡುವ ನಕ್ಷತ್ರಜೋಡಿಗೆ ಗ್ರಹಣಕಾರಿ ಯಮಳ ತಾರೆ ಎಂದು ಹೆಸರು. ಪರ್ಸಿಯಸ್ ಪುಂಜದ ಆಲ್ಗಾಲ್ ಇದಕ್ಕೆ ಪ್ರಸಿದ್ಧ ನಿದರ್ಶನವಾಗಿದ್ದು, 2 ದಿನ 20 ಗಂಟೆ 49 ನಿಮಿಷಗಳಿಗೊಮ್ಮೆ ಅದರ ಬೆಳಕು ಬರಿಗಣ್ಣಿಗೂ ತಿಳಿಯುವಷ್ಟು ಕುಗ್ಗುತ್ತದೆ; ಡಿಸೆಂಬರ್ ಕೊನೆಯ ರಾತ್ರಿಗಳಲ್ಲಿ ಎರ್ನಾಕುಲಂನ ಉತ್ತರದ ಬಾನಿನಲ್ಲಿ ಅದು ಸುಮಾರು 59 ಡಿಗ್ರಿ ಎತ್ತರಕ್ಕೇರುತ್ತದೆ.

ಇಂತಹ ಜೋಡಿಗೆ ಕಣ್ಣಿಗೆ ಬೀಳದ ಮೂರನೆಯ ಸಂಗಾತಿಯಿದ್ದರೆ, ಅದರ ಗುರುತ್ವದ ಸೆಳೆತದಿಂದ ಇಡೀ ಜೋಡಿಯೇ ಮೂರಕ್ಕೂ ಸೇರಿದ ಒಂದೇ ದ್ರವ್ಯಕೇಂದ್ರವನ್ನು ಸುತ್ತುತ್ತ, ಕೆಲಕಾಲ ಭೂಮಿಗೆ ಹತ್ತಿರವಾಗಿ, ಕೆಲಕಾಲ ದೂರ ಸರಿಯುತ್ತದೆ. ಬೆಳಕು ಕ್ರಮಿಸುವ ಹಾದಿ ಹಾಗೆ ಹಿಗ್ಗಿ ಕುಗ್ಗುವುದರಿಂದ ಗ್ರಹಣಗಳು ಲೆಕ್ಕಹಾಕಿದ ಹೊತ್ತಿಗಿಂತ ತುಸು ಬೇಗನೆಯೋ ತಡವಾಗಿಯೋ ಕಾಣುತ್ತವೆ. ಹಾದಿಯು ಸೂರ್ಯ ಮತ್ತು ಭೂಮಿಯ ನಡುವಿನ ಅಂತರದಷ್ಟು ಹೆಚ್ಚಿದರೆ ವಿಳಂಬ ಸುಮಾರು 8 ನಿಮಿಷ 19 ಸೆಕೆಂಡು. ಕಂಡ ಹೊತ್ತಿನಿಂದ ಎಣಿಸಿದ ಹೊತ್ತನ್ನು ಕಳೆದು, ಉಳಿದ ವ್ಯತ್ಯಾಸವನ್ನು ವರ್ಷಗಟ್ಟಲೆ ಗುರುತಿಸುತ್ತ ಹೋದರೆ ಅಲೆಯಂತಹ ರೇಖೆಯೊಂದು ಮೂಡಿ, ಅಗೋಚರ ತಾರೆಯ ಸುತ್ತುಕಾಲವನ್ನೂ ಅದರ ಕನಿಷ್ಠ ದ್ರವ್ಯರಾಶಿಯ ಅಂದಾಜನ್ನೂ ನೀಡುತ್ತದೆ. ಆಲ್ಗಾಲ್ ಜೋಡಿಗೂ ಸುಮಾರು 680 ದಿನಗಳಲ್ಲಿ ಸುತ್ತು ಮುಗಿಸುವ ಮೂರನೆಯ ತಾರೆಯೊಂದಿದೆ.

ತಿರುವಿತಾಂಕೂರಿನ ಅರಸ ಸ್ವಾತಿ ತಿರುನಾಳರು 1837ರಲ್ಲಿ ತಿರುವನಂತಪುರದಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿ, ಜಾನ್ ಕ್ಯಾಲ್ಡೆಕಾಟ್ ಅವರಿಗೆ ಅದರ ಹೊಣೆ ವಹಿಸಿದಾಗ ಆ ನೆಲದಲ್ಲಿ ಬೇರೂರಿದ್ದು ಆಕಾಶವನ್ನು ತಾಳ್ಮೆಯಿಂದ ಅಳೆದು ಬರೆದಿಡುವ ಶಿಸ್ತು. ಕಾಣದ ತಾರೆಯನ್ನು ಕಾಣಿಸುವುದೂ ಅದೇ ಶಿಸ್ತು. ತಲೆಮಾರುಗಳು ಪ್ರಾಮಾಣಿಕವಾಗಿ ದಾಖಲಿಸಿದ ಕೆಲವೇ ನಿಮಿಷಗಳ ವ್ಯತ್ಯಾಸದಲ್ಲಿ ಒಂದು ಇಡೀ ಸೂರ್ಯನೇ ಅಡಗಿರಬಲ್ಲದು.